ಬುಜ್ಜಿ ಕರೆದದ್ದು

ಮೊನ್ನೆ ಬಳ್ಳಾರಿಯ ಗಾಂಧಿನಗರದಲ್ಲಿ ನೆಂಟರೊಬ್ಬರ ಮನೆಯ ಗೃಹಪ್ರವೇಶ. ಊಟ ಮುಗಿಸಿ ಎಲೆಅಡಿಕೆ ಹಾಕಿಕೊಂಡು ಕೂತಿದ್ದಾಗ ಹುಡುಗಿಯೊಬ್ಬಳು ಮೊಬೈಲಿನಲ್ಲಿ ವಿಡಿಯೊ ತೋರಿಸಿದಳು. ಯಾವುದೋ ದೇಶದ ಬಿಳಿ ನಾಯಿ ಸೋಫಾದ ಮೇಲೆ ಕೂತು 'ಮಮ್ಮಾ' ಎನ್ನುತ್ತಿದೆ. "ಇವೆಲ್ಲ ಮೊಬೈಲ್‌ನಾಗ ಮಾಡಿದ ಆಟ" ಎಂದರು ನನ್ನ ಪಕ್ಕದಲ್ಲಿದ್ದ ಹಿರಿಯರು. ಆಟವಲ್ಲದ್ದನ್ನೂ ನಾನು ಕೇಳಿದ್ದೇನೆ. ನಿಮಗೆ ಹೇಳುತ್ತೇನೆ, ಕೇಳಿ. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನಂಬಿಸುವ ಉಮೇದು ನನಗಿಲ್ಲ.

ಸಿರುಗುಪ್ಪದಲ್ಲಿ ನಮ್ಮ ಚಿಗವ್ವ, ಅಂದರೆ ಅವ್ವನ ತಂಗಿ, ಇದ್ದಳು. ಅವಳ ಗಂಡ, ನಮ್ಮ ಕಾಕಾ, ರೈಸ್‌ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಅವರಿಗೆ ಮಕ್ಕಳಾಗಲಿಲ್ಲ. ಇದ್ದದ್ದು ಬುಜ್ಜಿ, ಕಂದು ಬಣ್ಣದ ಬೀದಿನಾಯಿ. ಆ ತೆಲುಗು ಮುದ್ದಿನ ಹೆಸರಿಟ್ಟವನು ಕಾಕಾ. ಸಂಜೆಯಾದರೆ ಪಕ್ಕದ ಮನೆಯ ಮಕ್ಕಳು "ಅವ್ವಾ" ಎಂದು ಕೂಗುವುದು, ಅವರವ್ವ ರೊಟ್ಟಿ ಹಿಡಿದು ಹೊರಗೆ ಬರುವುದು, ಇದನ್ನೆಲ್ಲ ಬುಜ್ಜಿ ಕಟ್ಟೆಯ ಮೇಲೆ ಮಲಗಿ ದಿನವೂ ನೋಡುತ್ತಿತ್ತು. ಅದರ ತಲೆಯಲ್ಲಿ ಏನು ನಡೆಯಿತೋ, ಒಂದು ಸಂಜೆ ಕತ್ತು ಚಾಚಿ, ಬೊಗಳುವ ದನಿಯನ್ನು ಗಂಟಲಲ್ಲೇ ಎಳೆದು "ಅ...ವ್ವಾ" ಎಂದಿತು. ಬಡಿಯುತ್ತಿದ್ದ ರೊಟ್ಟಿ ಬಿಟ್ಟು ಚಿಗವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳಂತೆ.

ನಾನಾಗ ಬಳ್ಳಾರಿಯಲ್ಲಿ ಪಿಯುಸಿ ಸೈನ್ಸ್ ಓದುತ್ತಿದ್ದೆ. ಜಗತ್ತಿನಲ್ಲಿ ನನಗೆ ಗೊತ್ತಿಲ್ಲದ್ದೇ ಇರಲಿಲ್ಲ. ರಜೆಗೆ ಹೋದವಳು ನಾಯಿಯ ಗಂಟಲಿನ ರಚನೆಯ ಬಗ್ಗೆ ಚಿಗವ್ವನಿಗೆ ಭಾಷಣ ಬಿಗಿದೆ. ಅವಳು ಪೂರ್ತಿ ಕೇಳಿ, "ಆತು ಬಿಡವಾ, ಅದಕ್ಕ ಸೈನ್ಸ್ ಗೊತ್ತಿಲ್ಲ" ಎಂದಳು. ಆ ಸಂಜೆ ಬುಜ್ಜಿ ಕರೆದದ್ದನ್ನು ಕಿವಿಯಾರೆ ಕೇಳಿದೆ. ಭಾಷಣ ಅಲ್ಲಿಗೇ ನಿಂತಿತು.

ಸುದ್ದಿ ಕುರುಗೋಡಿಗೂ ಮುಟ್ಟಿತು. ಅಲ್ಲಿದ್ದವರು ಕಾಕಾನ ಅಣ್ಣನ ಹೆಂಡತಿ, ಚಿಗವ್ವನ ಹಿರಿಯ ನೆಗೆಣ್ಣಿ ಗೌರವ್ವ. ಅವರ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರವಿತ್ತು. ಚಿಗವ್ವ ಆ ಕೂಸಿನ ತಲೆಗೆಂದು ಕುಲಾಯಿ ಹೊಲಿದು, ಅಂಚಿಗೆ ಮಣಿ ಕಟ್ಟಿ ದಿನ ಎಣಿಸುತ್ತಿದ್ದಳು. ಆಗ ಗೌರವ್ವನ ಫೋನು ಬಂತು.

"ನಾಯಿ ಕೈಲೆ ಅವ್ವ ಅನ್ನಿಸ್ಕೊಳ್ಳಾಕಿ ನಮ್ಮ ಕೂಸಿನ ಮುಟ್ಟೂದು ಬ್ಯಾಡ. ಅದನ್ನ ಎಲ್ಲ್ಯಾರ ಬಿಟ್ಟು ಬಾ, ಇಲ್ಲಾಂದ್ರ ನೀನೂ ಬರಬ್ಯಾಡ."

ಕಾಕಾ ತಲೆ ಕೆಳಗೆ ಹಾಕಿ ಕೂತ. ಚಿಗವ್ವನ ಜೀವ ಆ ಕೂಸಿನ ಮೇಲಿತ್ತು, ಬುಜ್ಜಿಯ ಮೇಲೂ ಇತ್ತು. ಶಾಸ್ತ್ರದ ದಿನ ರೇಷ್ಮೆ ಸೀರೆ ಉಟ್ಟಳು. ಬಸ್ಸಿನಲ್ಲಿ ನಾಯಿಯನ್ನು ಹತ್ತಿಸಿಕೊಳ್ಳುವುದಿಲ್ಲವೆಂದು ಒಂದು ಟಂಟಂ ಆಟೊ ಗೊತ್ತು ಮಾಡಿ, ಬುಜ್ಜಿಯನ್ನು ತೊಡೆಗೊರಗಿಸಿಕೊಂಡು ಹೊರಟೇಬಿಟ್ಟಳು. ಜೊತೆಗೆ ನಾನು, ಕಟ್ಟಿದ ಜಡೆಯ ತುಂಬ ಧೂಳು.

ನಮ್ಮನ್ನು ಕಂಡು ಹಂದರದಲ್ಲಿ ಹಾಡು ನಿಂತಿತು.

"ಇದನ್ನ್ಯಾಕ ತಂದಿ?" ಎಂದರು ಗೌರವ್ವ.

"ಬಿಟ್ಟು ಬಾ ಅಂದ್ರಿ. ಬಿಡಾಕ ಆಗ್ಲಿಲ್ರಿ ಅಕ್ಕಾ."

ಹೆಂಗಸರ ನಡುವೆ ಯಾರೋ ನಕ್ಕರು. "ಹಂಗಾರ ಮಾತಾಡಸು, ನಾವೂ ಕೇಳೂಣು."

ಬುಜ್ಜಿ ಸೀರೆಯ ನೆರಿಗೆಗೆ ಮೂತಿ ಒತ್ತಿ ಸುಮ್ಮನೆ ನಿಂತಿತ್ತು. ನಾನು ಸಾಕ್ಷಿ ಹೇಳಲು ಬಾಯಿ ತೆರೆದೆ. ಚಿಗವ್ವ ನನ್ನ ಕೈ ಅಮುಕಿದಳು.

"ಮಂದಿ ಕೇಳ್ಯಾರಂತ ನಿಮ್ಮ ಮಕ್ಕಳ ಕೈಲೆ ನೀವು ಅವ್ವಾ ಅನ್ನಸ್ತೀರೇನ್ರಿ? ಅದು ಕರಿಯೂದು ನನ್ನ, ನಿಮ್ಮನ್ನಲ್ಲ."

ಕುಲಾಯಿಯನ್ನು ತೊಟ್ಟಿಲ ಬಳಿ ಇಟ್ಟು, ಊಟ ಮಾಡದೆ ಹೊರಬಂದಳು. ಕೂಸನ್ನು ಒಮ್ಮೆಯೂ ಎತ್ತಿಕೊಳ್ಳಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ಅತ್ತಳು. ಆದರೆ ಬುಜ್ಜಿಯ ಕೊರಳ ಮೇಲಿದ್ದ ಕೈ ತೆಗೆಯಲಿಲ್ಲ. ಆ ಹಂದರದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ; ಅದನ್ನು ಆರಿಸಿಕೊಳ್ಳುವ ಇರಾದೆಯೂ ಇಲ್ಲ.

ಈಗ ಬುಜ್ಜಿಯೂ ಇಲ್ಲ, ಚಿಗವ್ವನೂ ಇಲ್ಲ. ಮೊನ್ನೆ ನನ್ನ ಪಕ್ಕದಲ್ಲಿ ಕೂತಿದ್ದ ಹಿರಿಯರೆಂದರೆ ಇದೇ ಗೌರವ್ವ. ವಿಡಿಯೊ ಮುಗಿದ ಮೇಲೆ ಅಡಿಕೆ ಜಗಿಯುತ್ತ ನಿಟ್ಟುಸಿರುಬಿಟ್ಟರು.

"ನಿಮ್ಮ ಚಿಗವ್ವ ನೆನಪಾದ್ಲು. ಪಾಪ, ಅವ್ವಾ ಅನ್ನೋರು ಒಬ್ರೂ ಇಲ್ದಂಗ ಹೋದ್ಲು."

ವಯಸ್ಸಾದವರು, ಮನೆ ತುಂಬ ನೆಂಟರು. ಸುಮ್ಮನಿರಬಹುದಿತ್ತು.

"ಅನ್ನೋರಿದ್ರು, ದೊಡ್ಡವ್ವಾ" ಎಂದೆ, ಎಲ್ಲರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ. "ನಾ ಕೇಳೀನಿ."