ಯಾರು ಬರೆದುಕೊಳ್ಳಲಿಲ್ಲ?

ಅಮಾನತಾದ ಮೇಲೆ ಅಮ್ಮ ದಿನಾ ಬೆಳಿಗ್ಗೆ ಹತ್ತಕ್ಕೆ ಕಚೇರಿಗೆ ಹೋಗಿ ಸಹಿ ಹಾಕಿ ಬರಬೇಕಿತ್ತು. ಸಮವಸ್ತ್ರ ತೊಡುವಂತಿರಲಿಲ್ಲ. ಇಪ್ಪತ್ತೆರಡು ವರ್ಷ ಪೊಲೀಸ್ ಕೆಲಸ ಮಾಡಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದವಳು ಸೀರೆ ಉಟ್ಟು, ಕೈಚೀಲ ಹಿಡಿದು ಅರಸೀಕೆರೆಯ ಬೀದಿಯಲ್ಲಿ ನಡೆಯುತ್ತಿದ್ದಳು. ಹೆಜ್ಜೆ ಮಾತ್ರ ಬೂಟಿನದೇ.

‘ಏನ್ ಮೇಡಮ್ಮೋರೆ, ರಜಾನಾ?’ ಎಂದು ತರಕಾರಿಯವಳು ಕೇಳಿದಳು.

‘ರಜಾ ಅಲ್ಲ ಕಣವ್ವ, ಸಸ್ಪೆಂಡು. ಬೀನ್ಸ್ ಎಳೇದು ನೋಡಿ ಕೊಡು.’

ಪಕ್ಕದಲ್ಲಿದ್ದ ನಾನು ನೆಲ ನೋಡಿದೆ.

ನಡೆದದ್ದು ಇಷ್ಟು. ಜಾವಗಲ್ ಕಡೆಯ ಹೆಂಗಸೊಬ್ಬಳು ಗಂಡ ಹೊಡೆಯುತ್ತಾನೆಂದು ದೂರು ಕೊಡಲು ಅಮ್ಮನ ಠಾಣೆಗೆ ಬಂದಿದ್ದಳು. ಅಂದು ದೂರು ಬರೆದುಕೊಳ್ಳುವ ಕೆಲಸ ಅಮ್ಮನದು. ಅಮ್ಮ ಅವಳಿಗೆ ಟೀ ತರಿಸಿಕೊಟ್ಟು, ಹೊಂದಿಕೊಂಡು ಹೋಗು ಎಂದು ಬುದ್ಧಿ ಹೇಳಿ ಮನೆಗೆ ಕಳಿಸಿದಳು. ಎರಡು ದಿನದಲ್ಲಿ ಗಂಡ ಅವಳ ಕೈ ಮುರಿದ. ಅವಳ ಅಣ್ಣ ಮೇಲಧಿಕಾರಿಗಳಿಗೆ ಅರ್ಜಿ ಕೊಟ್ಟ. ಇಲಾಖಾ ವಿಚಾರಣೆ ಶುರುವಾಯಿತು. ಕೆಲಸವೇ ಹೋಗಬಹುದು ಎಂದರು ತಿಳಿದವರು. ಅಪ್ಪ ಇಲ್ಲದ ನಮ್ಮ ಮನೆ ನಡೆಯುತ್ತಿದ್ದದ್ದು ಆ ಕೆಲಸದಿಂದಲೇ.

ಆಪಾದನೆಗೆ ಲಿಖಿತ ಉತ್ತರ ಕೊಡಬೇಕಿತ್ತು. ಅಮ್ಮನ ಜೊತೆ ಕೆಲಸ ಮಾಡುತ್ತಿದ್ದ ಕಾನ್‌ಸ್ಟೇಬಲ್ ಒಬ್ಬರು ಮನೆಗೆ ಬಂದು, ‘ಅಕ್ಕ, ಆಯಮ್ಮನೇ ದೂರು ಬ್ಯಾಡ ಅಂದ್ಲು ಅಂತ ಬರೀರಿ. ನೋಡ್ದೋರು ಯಾರವ್ರೆ?’ ಎಂದರು.

‘ನಾನಿದ್ನಲ್ಲಪ್ಪ,’ ಎಂದಳು ಅಮ್ಮ.

ಕರಡು ಬರೆಯಲು ನನಗೆ ಹೇಳಿದಳು. ಆಗಷ್ಟೇ ನಾನು ಮೈಸೂರಿನಲ್ಲಿ ಎಂ.ಎ. ಮುಗಿಸಿ ಬಂದಿದ್ದೆ. ಸುಳ್ಳು ಬರೆಯಬಾರದು ಎಂದು ನಿಶ್ಚಯಿಸಿಯೇ ಕುಳಿತು ಎರಡು ಪುಟ ಬರೆದೆ. ‘ಸಂಸಾರದ ಹಿತದೃಷ್ಟಿಯಿಂದ ಸದರಿ ದೂರು ದಾಖಲಾಗಿರುವುದಿಲ್ಲ’ ಎಂಬ ವಾಕ್ಯದ ಬಗ್ಗೆ ನನಗೆ ಹೆಮ್ಮೆಯಿತ್ತು. ಅದರಲ್ಲಿ ಸುಳ್ಳಿರಲಿಲ್ಲ, ಅಮ್ಮನೂ ಇರಲಿಲ್ಲ.

ಅಮ್ಮ ಕನ್ನಡಕ ಹಾಕಿಕೊಂಡು ಓದಿ, ಆ ಸಾಲಿನ ಮೇಲೆ ಬೆರಳಿಟ್ಟಳು.

‘ದಾಖಲಾಗಿಲ್ಲ ಅಂದ್ರೆ? ದೂರು ತಾನೇ ಎದ್ದೋಗಿ ಪುಸ್ತಕದಲ್ಲಿ ಕೂತ್ಕೋಬೇಕಿತ್ತೇನೇ?’

‘ಕಚೇರಿ ಭಾಷೆ ಹಾಗೇ ಇರುತ್ತಮ್ಮ.’

‘ನಂಗೇ ಕಚೇರಿ ಭಾಷೆ ಹೇಳ್ಕೊಡ್ತೀಯಾ? ಎಷ್ಟು ಜನ ತಪ್ಪು ಮಾಡ್ದೋರ ಹೇಳಿಕೆ ಬರ್ಕೊಂಡಿದೀನಿ! ಸರ ಹೋಯ್ತು, ಏಟು ಬಿತ್ತು ಅಂತಾನೇ ಶುರು ಮಾಡೋದು ಎಲ್ಲಾರೂವೆ. ಕಿತ್ಕೊಂಡೆ ಅನ್ನು, ಹೊಡ್ದೆ ಅನ್ನು ಅಂತ ಕೂರಿಸ್ಕೊಂಡು ಹೇಳ್ಸಿದೀನಿ. ಈಗ ನಾನೂ ಹೋಯ್ತು, ಬಿತ್ತು ಅಂತ ಬರೀಲಾ?’

‘ಕೆಲಸ ಹೋದ್ರೆ?’

ಅಮ್ಮ ಬಿಳಿ ಹಾಳೆ ತೆಗೆದುಕೊಂಡು ತಾನೇ ಬರೆದಳು: ‘ಆಕೆ ದೂರು ಕೊಡಲು ಬಂದದ್ದು ನಿಜ. ನಾನು ಬರೆದುಕೊಳ್ಳಲಿಲ್ಲ. ಬರೆದುಕೊಳ್ಳಬೇಕಿತ್ತು.’

ಹಳೇಬೀಡಿನ ಕೆತ್ತನೆಯ ಗೋಡೆಗಳ ಮುಂದೆ ನಾವು ಎಷ್ಟೋ ಮಾತಾಡುತ್ತೇವೆ. ಅಲ್ಲಿಂದ ಬಸ್ತಿಹಳ್ಳಿಗೆ ಹೋದರೆ, ಬಸದಿಯೊಳಗೆ ಏನನ್ನೂ ತೊಡದೆ ನಿಂತ ಎತ್ತರದ ಕಲ್ಲಿನ ಮೂರ್ತಿಯೆದುರು ಮಾತು ತಾನಾಗಿ ನಿಲ್ಲುತ್ತದೆ. ಆ ಮೂರು ವಾಕ್ಯ ಓದಿದಾಗ ನನಗೆ ಹಾಗೇ ಆಯಿತು. ನನ್ನ ಎರಡು ಪುಟಗಳನ್ನು ಮಡಚಿ ಒಳಗಿಟ್ಟೆ.

ವಿಚಾರಣೆಯ ದಿನ ನಾನು ಹೊರಗಿನ ಬೆಂಚಿನ ಮೇಲಿದ್ದೆ. ಆ ಹೆಂಗಸೂ ಬಂದಿದ್ದಳು. ಸಾಕ್ಷಿಯೊಡನೆ ಮಾತಾಡಬಾರದೆಂದು ಅಮ್ಮ ಅವಳತ್ತ ತಿರುಗಲೂ ಇಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ ಕೇಳಿದಳು:

‘ಅವಳ ಕೈ ನೋಡಿದ್ಯಾ? ನೆಟ್ಟಗೆ ಕೂಡೈತಾ?’

‘ಪೂರ್ತಿ ಇಲ್ಲ. ಸ್ವಲ್ಪ ಸೊಟ್ಟಗಿದೆ.’



ಕೆಲಸ ಹೋಗಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಹುದ್ದೆಯಿಂದ ಇಳಿಸಿ, ಮತ್ತೆ ಕಾನ್‌ಸ್ಟೇಬಲ್ ಮಾಡಿ ಬೇಲೂರಿಗೆ ಹಾಕಿದರು. ಆದೇಶ ಬಂದ ಮಧ್ಯಾಹ್ನ ಅಮ್ಮ ಬಾಗಿಲ ಬೆಳಕಿನಲ್ಲಿ ಕುಳಿತು, ಖಾಕಿ ಅಂಗಿಯ ತೋಳಿನ ಮೂರು ಪಟ್ಟಿಗಳನ್ನು ಬ್ಲೇಡಿನಿಂದ ಬಿಚ್ಚಿದಳು. ಬಟ್ಟೆಗೆ ತಾಗದಂತೆ, ಒಂದೊಂದೇ ಹೊಲಿಗೆ. ಅಂಗಿಯ ಉಳಿದ ಭಾಗ ಬಿಸಿಲಿಗೆ ಮಾಸಿತ್ತು. ಪಟ್ಟಿಗಳಿದ್ದ ಕಡೆ ಬಣ್ಣ ಹೊಸದಾಗಿಯೇ ಇತ್ತು. ಬಿಚ್ಚಿದ ಮೇಲೂ ಮೂರು ಗೆರೆ ಎದ್ದು ಕಾಣುತ್ತಿದ್ದವು.

‘ಹೊಸದೊಂದು ಹೊಲಿಸ್ಕೋಮ್ಮ. ಎಲ್ಲರಿಗೂ ಗೊತ್ತಾಗುತ್ತೆ.’

‘ಗೊತ್ತಾಗ್ಲಿ ಬಿಡು. ಬಟ್ಟೆ ಇನ್ನೂ ಗಟ್ಟಿ ಐತೆ,’ ಎಂದು ಇಸ್ತ್ರಿಪೆಟ್ಟಿಗೆ ಕೇಳಿದಳು.