ಬಾಲದವರು ಮೆಚ್ಚಿದ ಕಾಲು

ಭಾನುವಾರ ಬೆಳಿಗ್ಗೆ ನಮ್ಮಕ್ಕನ ಮನೆಯ ಮುಂದೆ ಹೋಗಿ ನೋಡಬೇಕು. ಓದಿ ಕೆಲಸಕ್ಕೆ ಸೇರಿದ, ಮಕ್ಕಳು ಮರಿ ಇರುವ ಜನ ಪ್ಯಾಂಟಿನ ಹಿಂದೆ ಬಟ್ಟೆಯ ಬಾಲ ಸಿಕ್ಕಿಸಿಕೊಂಡು ಗೇಟಿನ ಹತ್ತಿರ ನಿಂತಿರುತ್ತಾರೆ. ಕೆಲವರ ಬಾಲದ ತುದಿಗೆ ಕುಚ್ಚು ಬೇರೆ. ಒಳಗೆ ನಮ್ಮ ಭಾವ ಕೆಮ್ಮಿದರೂ ಸಾಕು, "ಎದ್ರು, ಎದ್ರು" ಅಂತ ಗುಸುಗುಸು ಶುರು. ನಾನು ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವವಳು. ಕಿಟಕಿಯ ಆಚೆ ಬಗೆಬಗೆಯ ಹುಚ್ಚರನ್ನು ನೋಡಿದ್ದೇನೆ. ಇಷ್ಟೊಂದು ಬೆಪ್ಪುತಕ್ಕಡಿಗಳನ್ನು ಒಂದೇ ಕಡೆ ನೋಡಿದ್ದು ಮಾತ್ರ ಅಲ್ಲೇ.

ಭಾವ ರಕ್ಕಸರ ಚಿತ್ರ ಬರೆಯುತ್ತಾರೆ. ಹೆದರಿಸುವ ರಕ್ಕಸರಲ್ಲ. ಹಳೇ ಕಾಲದವರು ಫೋಟೋ ಸ್ಟುಡಿಯೋಗೆ ಹೋಗಿ ಕೂತ ಹಾಗೆ ಕೂತ ರಕ್ಕಸರು. ಹಿಂದೆ ಪರದೆ, ಪಕ್ಕದಲ್ಲಿ ಹೂದಾನಿ, ಕುರ್ಚಿಯಲ್ಲಿ ಕೋಟು ತೊಟ್ಟ ಮೂರು ಕಣ್ಣಿನ ಯಜಮಾನ, ಅವನ ಭುಜದ ಮೇಲೆ ಕೈಯಿಟ್ಟ ಕೋರೆಹಲ್ಲಿನ ಹೆಂಡತಿ, ಮಡಿಲಲ್ಲಿ ಕೊಂಬು ಮೂಡುತ್ತಿರುವ ಕೂಸು. ಎಲ್ಲರೂ ಉಸಿರು ಬಿಗಿಹಿಡಿದು ಗಂಭೀರವಾಗಿ ನಿಮ್ಮನ್ನೇ ನೋಡುತ್ತಿರುತ್ತಾರೆ. ಚೆನ್ನಾಗಿಲ್ಲ ಅನ್ನುವುದಿಲ್ಲ, ನನಗೂ ನಗು ಬರುತ್ತದೆ. 'ಆರು ಕೈಯ ಅತ್ತೆ' ಅನ್ನುವ ಚಿತ್ರಕ್ಕೆ ನನ್ನ ಮೂಗನ್ನೇ ಇಟ್ಟಿದ್ದಾರೆ, ಅದನ್ನೂ ಸಹಿಸಿಕೊಂಡಿದ್ದೇನೆ. ಆದರೆ ನಾನು ಹೇಳಹೊರಟದ್ದು ಭಾವನ ಕಥೆಯಲ್ಲ. ಅವರನ್ನು ಹೊಗಳುವುದಕ್ಕೆ ಗೇಟಿನ ಹತ್ತಿರ ಬೇಕಾದಷ್ಟು ಜನ ಇದ್ದಾರೆ. ಆ ಜನಕ್ಕೆಲ್ಲ ಒಳಗೆ ಟೀ ಕಾಯಿಸಿಕೊಡುತ್ತಿದ್ದಳಲ್ಲ, ನಮ್ಮಕ್ಕ, ಇದು ಅವಳ ಕಥೆ.

ಅಕ್ಕ ಹುಡುಗಿಯಾಗಿದ್ದಾಗಲೇ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಸೇರಿದವಳು. ಹೊಗೆಯಂಥ ಹಬೆ, ಸದಾ ಒದ್ದೆಯಾಗಿರುವ ಸಿಮೆಂಟು ನೆಲ, ದಿನವಿಡೀ ಗುಡುಗುಡು ತಿರುಗುವ ಮೆಷಿನ್ನು. ರಕ್ತದ ಕಲೆಯಿದ್ದ ಹಾಸುಬಟ್ಟೆಯನ್ನು ಮೊದಲು ತಣ್ಣೀರಿನಲ್ಲೇ ನೆನೆಹಾಕಬೇಕು, ಬಿಸಿನೀರು ಬಿತ್ತೋ ಕಲೆ ಕೂತೇ ಬಿಡುತ್ತದೆ. ಕೂತ ಕಲೆಯ ಜೊತೆ ಅಕ್ಕ ಗುದ್ದಾಡುತ್ತಿರಲಿಲ್ಲ. ಅಷ್ಟು ಭಾಗವನ್ನು ಕತ್ತರಿಸಿ ತೆಗೆದು, ಉಳಿದದ್ದರ ಅಂಚು ಮಡಚಿ ಹೊಲಿದು, ಮಕ್ಕಳ ವಾರ್ಡಿಗೆ ದಿಂಬಿನ ಚೀಲ ಮಾಡಿ ಕಳಿಸುತ್ತಿದ್ದಳು. ಅಲ್ಲಿ ಕೂರುವ ಕೆಲಸವೇ ಇಲ್ಲ. ನಿಂತೂ ನಿಂತೂ ಅವಳ ಪಾದ ಊದಿ ಅಗಲವಾಯಿತು. ಹೆಬ್ಬೆರಳು ಪಕ್ಕದ ಬೆರಳಿನ ಮೇಲೆ ಏರಿ ಕೂತಿತು. ಬಟ್ಟೆಯ ಗಾಡಿಯ ಚಕ್ರ ಹತ್ತಿ ಒಂದು ಉಗುರು ಹೋದದ್ದು ಮತ್ತೆ ಬರಲೇ ಇಲ್ಲ. ಹಿಮ್ಮಡಿ ಒಡೆದು, ನರಗಳು ನೀಲಿಯಾಗಿ ಎದ್ದು ನಿಂತವು. ಆ ಕಾಲಿನಲ್ಲೇ ಅವಳು ಸಂಸಾರವನ್ನು ಎಳೆದದ್ದು.

ಭಾವ ಆಗ ಸ್ಟುಡಿಯೋಗಳಿಗೆ ಪರದೆ ಬರೆಯುತ್ತಿದ್ದರು. ಕಂಬ, ಮೆಟ್ಟಿಲು, ಕೊಳ, ಹಂಸ. ಆಮೇಲೆ ಎಲ್ಲರ ಕೈಗೂ ಫೋನು ಬಂದು ಸ್ಟುಡಿಯೋಗಳು ಮುಚ್ಚಿದವು. ಉಳಿದುಹೋದ ಪರದೆಗಳ ಮುಂದೆ ಕೂರುವವರು ಯಾರೂ ಇಲ್ಲವಾದಾಗ ಭಾವ ರಕ್ಕಸರನ್ನು ಕೂರಿಸಿದರು. ವರ್ಷಾನುಗಟ್ಟಲೆ ಅದನ್ನು ಯಾರೂ ಮೂಸಿಯೂ ನೋಡಲಿಲ್ಲ. ಅಕ್ಕ ದುಡಿದಳು, ಭಾವ ಬರೆದರು, ಮನೆ ನಡೆಯಿತು.

ಅಕ್ಕನಿಗೆ ಇದ್ದದ್ದು ಒಂದೇ ಆಸೆ. ಮದುವೆಯಲ್ಲಿ ಫೋಟೋ ತೆಗೆಸೋಣ ಅಂದಾಗ ಭಾವ ಎದೆಯುಬ್ಬಿಸಿ, "ಫೋಟೋ ಯಾಕೆ? ನಾನೇ ನಿನ್ನ ಚಿತ್ರ ಬರೀತೀನಿ, ಗೋಡೆ ತುಂಬ" ಅಂದಿದ್ದರಂತೆ. ಪಾಪ, ಅವಳು ಅದನ್ನು ನಂಬಿಬಿಟ್ಟಳು. ಆಮೇಲೆ ಯಾವಾಗ ಕೇಳಿದರೂ ಒಂದೇ ಉತ್ತರ.

"ರೀ, ನನ್ನದು ಯಾವಾಗ?"

"ಬರೆಯೋಣ ಕಣೇ, ನೋಡೋಣ."

ಅತ್ತೆಗೆ ಕೋರೆಹಲ್ಲು ಬಂತು, ಮಾವನಿಗೆ ಮೂರನೇ ಕಣ್ಣು ಬಂತು, ಹಾಲಿನವನಿಗೆ ರೆಕ್ಕೆ ಬಂತು. ಅಕ್ಕನ ಸರದಿ ಮಾತ್ರ ಬರಲಿಲ್ಲ. "ನನಗೆ ಕೊಂಬು ಗಿಂಬು ಬೇಡ ಕಣೇ. ಮನುಷ್ಯಳ ಹಾಗೆ ಬರೆದ್ರೆ ಸಾಕು. ನಾನೂ ಇದ್ದೆ ಅಂತ ಗೋಡೆ ಮೇಲೆ ಒಂದು ಇರಲಿ" ಎಂದು ನನ್ನ ಹತ್ತಿರ ಹೇಳುತ್ತಿದ್ದಳು.

ಬಾಲದವರು ಬಂದದ್ದು ಒಬ್ಬ ಹಲ್ಲಿನ ಡಾಕ್ಟರಿಂದ. ಅವರು ತಮ್ಮ ಕ್ಲಿನಿಕ್ಕಿಗೆ ಅಂತ ಕೋರೆಹಲ್ಲಿನ ಚಿತ್ರವೊಂದನ್ನು ಕೊಂಡುಹೋದರು. ಒಂದು ದಿನ ಓಡುತ್ತಾ ಬಂದು, "ಸಾರ್, ಕುರ್ಚಿ ಕೆಳಗೆ ಒಂದು ಬಾಲ ಇದೆ! ಬಚ್ಚಿಟ್ಟಿದೀರಿ!" ಅಂದರು. ಅದು ಬಾಲವಲ್ಲ, ಕುಂಚ ಜಾರಿ ಬಿದ್ದ ಗೆರೆ. ನಾನು ಅಲ್ಲೇ ಇದ್ದೆ. ಭಾವ ಒಂದು ಗಳಿಗೆ ಪೆಚ್ಚಾಗಿ, ಆಮೇಲೆ ಮಹಾಜ್ಞಾನಿಯ ಹಾಗೆ ಮುಗುಳ್ನಕ್ಕರು. ಮುಗೀತು! ಅಂದಿನಿಂದ ಪ್ರತಿ ಚಿತ್ರದಲ್ಲೂ ಎಲ್ಲೋ ಒಂದು ಬಾಲ ಬಚ್ಚಿಡುವುದು ಭಾವನ ಕೆಲಸ, ಹುಡುಕುವುದು ಅವರ ಕೆಲಸ. ಡಾಕ್ಟರು ಸದಾ ಭೂತಗನ್ನಡಿ ಹಿಡಿದೇ ಓಡಾಡುತ್ತಾರೆ, ನಾನು ಅವರಿಗೆ ಭೂತಗನ್ನಡಿ ಅಂತಲೇ ಹೆಸರಿಟ್ಟಿದ್ದೇನೆ. ಬಾಲ ಕಂಡವರು ಕೈ ಎತ್ತಬೇಕಂತೆ, ಉಳಿದವರು ಚಪ್ಪಾಳೆ ತಟ್ಟಬೇಕಂತೆ. ಮುಖ ಹೇಗಿದೆ, ಕಣ್ಣಿನಲ್ಲಿ ಏನಿದೆ, ಒಬ್ಬರೂ ನೋಡುವುದಿಲ್ಲ. ನೇರ ಕುರ್ಚಿಯ ಕೆಳಗೇ ಇವರ ಕಣ್ಣು.

ಕೊನೆಗೆ ಅಕ್ಕ ನಿವೃತ್ತಳಾದಳು. ಮರುದಿನವೇ ಭಾವನ ಮುಂದೆ ಹೋಗಿ ನಿಂತು, "ಈಗ ನನಗೆ ಪುರುಸೊತ್ತಿದೆ. ನಿಮಗೆ?" ಅಂದಳು. ಭಾವನಿಗೆ ನೆಪ ಸಿಗಲಿಲ್ಲ. ಕುರ್ಚಿ ಎಳೆದರು. "ಬೇಡ, ಕೂತ್ರೆ ನಿದ್ದೆ ಬರುತ್ತೆ. ನಿಂತೇ ಅಭ್ಯಾಸ" ಎಂದು ಕೆಲಸದ ನೀಲಿ ಏಪ್ರನ್ ಕಟ್ಟಿಕೊಂಡು ಬರಿಗಾಲಿನಲ್ಲಿ ನಿಂತಳು. ಹಿಂದೆ ಕೊಳ, ಹಂಸ, ಕಂಬ. ಮುಂದೆ ನಮ್ಮಕ್ಕ.

ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ, ಭಾವ ಅಷ್ಟು ಚೆನ್ನಾಗಿ ಹಿಂದೆಂದೂ ಬರೆದಿರಲಿಲ್ಲ. ಅದರಲ್ಲೂ ಆ ಕಾಲು! ಏರಿ ಕೂತ ಹೆಬ್ಬೆರಳು, ಉಗುರಿಲ್ಲದ ಬೆರಳು, ನರ, ಬಿರುಕು, ಒಂದನ್ನೂ ಬಿಟ್ಟಿರಲಿಲ್ಲ, ಒಂದನ್ನೂ ಹೆಚ್ಚು ಮಾಡಿರಲಿಲ್ಲ. ಇಷ್ಟು ವರ್ಷ ಈ ಮನುಷ್ಯ ಇವಳ ಕಾಲನ್ನು ನೋಡಿಯೇ ಇಲ್ಲ ಅಂತ ನಾನು ಬೈದುಕೊಂಡಿದ್ದೆ. ನೋಡಿದ್ದರು. ಅಕ್ಕ ಎಷ್ಟೋ ಹೊತ್ತು ಚಿತ್ರದ ಮುಂದೆ ನಿಂತು, "ಇದು ನಾನೇ ಕಣೇ" ಅಂದಳು. ಅವಳ ಮುಖ ಅಷ್ಟು ಅರಳಿದ್ದು ನಾನು ಕಂಡಿರಲಿಲ್ಲ.

ಅದನ್ನು ಪ್ರದರ್ಶನಕ್ಕೆ ಇಡುತ್ತೇನೆ ಅಂದರು ಭಾವ. ಅಕ್ಕ ಒಪ್ಪಿದಳು, "ಏನೂ ಸೇರಿಸಬಾರದು" ಎಂದು ಮಾತು ತೆಗೆದುಕೊಂಡು. ಲಾಂಡ್ರಿಯ ಹಳೇ ಜೊತೆಗಾರ್ತಿಯರಿಗೆಲ್ಲ, "ರಜೆ ದಿನ ಬನ್ನಿ, ನನ್ನ ಚಿತ್ರ ಇಟ್ಟಿದಾರೆ" ಎಂದು ಹೇಳಿಕಳಿಸಿದಳು.

ಮೊದಲ ದಿನವೇ ಬಾಲದವರಿಗೆ ಬರಸಿಡಿಲು. ಭೂತಗನ್ನಡಿ ಚಿತ್ರದ ಮೇಲೆ ಇಂಚಿಂಚೂ ಕಣ್ಣಾಡಿಸಿದರು. ಏಪ್ರನ್ನಿನ ಮಡಿಕೆ, ಕಂಬದ ಹಿಂದೆ, ಹಂಸದ ಕೊಕ್ಕಿನ ಕೆಳಗೆ. ಇಲ್ಲ! ಬಾಲ ಇಲ್ಲ!

"ಮುಗಿದಿಲ್ಲ ಅನ್ಸುತ್ತೆ," ಅಂದಳು ಒಬ್ಬಳು.

"ಸಾರ್‌ಗೆ ವಯಸ್ಸಾಯ್ತಾ ಅಂತ," ಅಂದ ಇನ್ನೊಬ್ಬ, ಕಣ್ಣೊರೆಸಿಕೊಳ್ಳುತ್ತಾ. ಹೌದು, ಅತ್ತೇಬಿಟ್ಟ! ಹೆತ್ತ ತಾಯಿಗೆ ಹುಷಾರಿಲ್ಲದಾಗ ಆ ಕಣ್ಣೀರು ಬಂದಿತ್ತೋ ಇಲ್ಲವೋ.

ಭೂತಗನ್ನಡಿ ಭಾವನನ್ನು ಮೂಲೆಗೆ ಕರೆದು, "ಸಾರ್, ನಂಬಿದವರನ್ನ ಕೈಬಿಡಬೇಡಿ" ಎಂದು ಕೈಹಿಡಿದುಕೊಂಡರು. ಭಾವನ ಮುಖ ಬಾಡಿತು. ನನಗೆ ಆಗಲೇ ಗೊತ್ತಾಗಬೇಕಿತ್ತು.

ರಜೆ ದಿನ ಲಾಂಡ್ರಿಯವರು ಬಂದರು. ಒಳ್ಳೇ ಬಟ್ಟೆ ಹಾಕಿಕೊಂಡು, ತಲೆ ಬಾಚಿಕೊಂಡು. ಅಕ್ಕ ಮುಂದೆ, ಅವರೆಲ್ಲ ಹಿಂದೆ. ಚಿತ್ರದ ಮುಂದೆ ಬಾಲದವರು ಚಪ್ಪಾಳೆ ತಟ್ಟುತ್ತಿದ್ದರು. ನೋಡಿದರೆ, ಏಪ್ರನ್ನಿನ ಕೆಳಗಿನಿಂದ ಇಳಿದ ಒಂದು ಬಾಲ ಅಕ್ಕನ ಎರಡು ಪಾದಗಳ ನಡುವೆ ನುಸುಳಿ, ಎಡಗಾಲಿನ ಬೆರಳುಗಳ ಮೇಲೆ ಸುತ್ತಿಕೊಂಡಿತ್ತು. ತುದಿಗೆ ಕುಚ್ಚು.

ಜೊತೆಗಾರ್ತಿಯರಲ್ಲಿ ಒಬ್ಬಳಿಗೆ ನಗು ತಡೆಯಲಾಗಲಿಲ್ಲ. ಇನ್ನೊಬ್ಬಳು ಅವಳನ್ನು ಚಿವುಟಿದಳು. ಬಾಕಿಯವರು ನೆಲ ನೋಡಿದರು. ಅಕ್ಕ, "ಟೀ ಕುಡಿಯೋಣ ಬನ್ನಿ" ಎಂದು ಅವರನ್ನು ಹೊರಗೆ ಕರೆದುಕೊಂಡು ಹೋದಳು. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

ಮನೆಗೆ ಬಂದು ನಾನೇ ಶುರು ಮಾಡಿದೆ. "ಭಾವ, ನಾಚಿಕೆ ಆಗಲ್ವಾ ನಿಮಗೆ?"

"ಇಷ್ಟೇ ಇಷ್ಟು ಬಾಲ ತಾಯಿ. ಪಾಪ, ಅವರು ಆಸೆಯಿಂದ ಬಂದಿದ್ರು."

"ಅವರದು ಆಸೆ, ಅಕ್ಕನದೇನು, ಕಸಾನಾ?"

ಅಕ್ಕ ತಟ್ಟೆ ತೊಳೆಯುತ್ತಿದ್ದವಳು ತಿರುಗಿಯೂ ನೋಡದೆ ಕೇಳಿದಳು. "ತೆಗೀತೀರಾ, ಇಲ್ವಾ?"

"ತೆಗೆಯೋಣ ಕಣೇ. ಪ್ರದರ್ಶನ ಮುಗೀಲಿ. ನೋಡೋಣ."

ಆ 'ನೋಡೋಣ' ಎಷ್ಟು ಉದ್ದ ಅಂತ ಅಕ್ಕನಿಗೆ ಗೊತ್ತಿಲ್ಲವೇ? ಮರುದಿನ ಬೆಳಿಗ್ಗೆ ಲಾಂಡ್ರಿಯ ದೊಡ್ಡ ಕತ್ತರಿಯನ್ನು ಚೀಲದಲ್ಲಿಟ್ಟುಕೊಂಡು ಪ್ರದರ್ಶನದ ಕಡೆ ಹೊರಟಳು. ನಾನೂ ಹಿಂದೆಯೇ ಓಡಿದೆ. "ಅಕ್ಕಾ, ಮೇಲೆ ಬಣ್ಣ ಬಳಿದ್ರೆ ಮುಚ್ಚಿಹೋಗುತ್ತಲ್ಲೇ!" ಅಂದೆ.

"ಮುಚ್ಚಿದ್ರೂ ಒಳಗಿರುತ್ತೆ. ಕೂತ ಕಲೆ ಅದು."

"ಕಾಲೂ ಹೋಗುತ್ತೆ ಕಣೇ! ಕಾಲು ಎಷ್ಟು ಚೆನ್ನಾಗಿ ಬಂದಿದೆ!"

ಅವಳು ನಡೆಯುತ್ತಲೇ ಇದ್ದಳು. "ಗೊತ್ತು" ಅಂದಳು, ಅಷ್ಟೇ.

ಬಾಲದವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಂತೆಯೇ ಅಕ್ಕ ಚಿತ್ರದ ಬಟ್ಟೆಯ ಅಂಚಿಗೆ ಕತ್ತರಿ ತೂರಿಸಿ, ಏಪ್ರನ್ನಿನ ಕೆಳಗೆ ಮೀನಖಂಡದ ಹತ್ತಿರ ಅಡ್ಡಕ್ಕೆ ಕತ್ತರಿಸಿದಳು. ಗೆರೆ ಸೊಟ್ಟಗಾಗಲಿಲ್ಲ. ಕೆಳಗಿನ ಪಟ್ಟಿಯನ್ನು ಭೂತಗನ್ನಡಿಯ ಕೈಗೆ ಕೊಟ್ಟು, "ತಗೊಳ್ಳಿ ನಿಮ್ಮ ಬಾಲ" ಅಂದಳು. ಮೇಲಿನದನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದು, ಅಂಚು ಮಡಚಿ ಹೊಲಿದು ಗೋಡೆಗೆ ತೂಗುಹಾಕಿದಳು. ಆಮೇಲೆ ಭಾನುವಾರದ ಟೀ ನಿಂತಿತು.

ಬಾಲದವರಿಗೆ ಮುಖಕ್ಕೆ ಹೊಡೆದ ಹಾಗಾಯಿತು, ಇನ್ನಾದರೂ ಬುದ್ಧಿ ಬರುತ್ತದೆ ಅಂದುಕೊಂಡಿದ್ದೆ. ಬುದ್ಧಿಯೇ! ಆ ಪಟ್ಟಿಗೆ ಗಾಜು ಹಾಕಿಸಿ, ಚೌಕಟ್ಟು ಕಟ್ಟಿಸಿ, ಅದೇ ಪ್ರದರ್ಶನದಲ್ಲಿ ದೀಪದ ಕೆಳಗೆ ಇಟ್ಟರು. ಮೇಲೆ ಯಾರಿದ್ದರು ಅಂತ ಒಬ್ಬರೂ ಕೇಳಲಿಲ್ಲ. ನೋಡಲು ಸಾಲು ಬೀದಿಯವರೆಗೆ.

ಒಂದು ಮಧ್ಯಾಹ್ನ ಅಕ್ಕ ನನ್ನ ಟಿಕೆಟ್ ಕಿಟಕಿಗೆ ಬಂದಳು. "ಕಾಲು ನೋಡಬೇಕು ಅನ್ಸುತ್ತೆ ಕಣೇ. ಬರ್ತೀಯಾ?" ಅಂದಳು. ಪಾಳಿ ಮುಗಿಸಿ ಹೊರಟೆ.

ಚಿತ್ರ ಬರೆದವನ ಹೆಂಡತಿ ಸಾಲಿನಲ್ಲಿ ನಿಂತಳು. ನಾನು ಜಗಳಕ್ಕೆ ಹೊರಟರೆ ಕೈ ಜಗ್ಗಿದಳು. ಚೌಕಟ್ಟಿನ ಪಕ್ಕದಲ್ಲಿ ನಮ್ಮನ್ನು ಕಂಡರಿಯದ ಒಬ್ಬ ಹೊಸ ಹುಡುಗಿ, ಹಿಂದೆ ಬಾಲ, ಕೈಯಲ್ಲಿ ಭೂತಗನ್ನಡಿ, ಬಂದವರಿಗೆಲ್ಲ ವಿವರಿಸುತ್ತಿದ್ದಳು.

"ಬಾಲ ಎಲ್ಲರೂ ನೋಡ್ತಾರೆ, ಕಾಲು ನೋಡಿ ಸಾರ್! ಬೆರಳ ಮೇಲೆ ಬೆರಳು. ಇಲ್ಲಿ ಉಗುರೇ ಇಲ್ಲ. ಇಂಥ ಕಾಲು ಮನುಷ್ಯರಿಗೆ ಇರುತ್ತಾ? ಎಂಥಾ ಕಲ್ಪನೆ ಅಲ್ವಾ!"

"ಅಬ್ಬಬ್ಬಾ, ನೋಡಿದ್ರೆ ಮೈ ಜುಂ ಅನ್ನುತ್ತೆ," ಅಂದ ಮುಂದಿದ್ದವನು.

ನಮ್ಮ ಸರದಿ ಬಂತು. ಹುಡುಗಿ ಚಾಚಿದ ಭೂತಗನ್ನಡಿಯನ್ನು ಅಕ್ಕ ಬೇಡ ಅಂದಳು. ಎರಡೂ ರಬ್ಬರ್ ಚಪ್ಪಲಿ ಬಿಟ್ಟು, ಬರಿಗಾಲಿನಲ್ಲಿ ಚೌಕಟ್ಟಿನ ಮುಂದೆ ನಿಂತಳು. ಅವಳು ಒಮ್ಮೆ ಗಾಜಿನೊಳಗೆ ನೋಡುತ್ತಾಳೆ, ಒಮ್ಮೆ ಕೆಳಗೆ ನೋಡುತ್ತಾಳೆ. ಬೆರಳ ಮೇಲೆ ಬೆರಳು. ಉಗುರಿಲ್ಲದ ಜಾಗ. ಎಲ್ಲ ಸರಿಯಾಗಿ ಇತ್ತು. ನಾನು ಉಸಿರು ಬಿಗಿಹಿಡಿದು ಆ ಹುಡುಗಿಯ ಮುಖವನ್ನೇ ನೋಡಿದೆ. ಈಗ ಕಾಣುತ್ತದೆ, ಈಗ ಕಾಣಲೇಬೇಕು.

ಹುಡುಗಿ ಕೆಳಗೆ ನೋಡಿದಳು. ಅಕ್ಕನ ಕಾಲನ್ನು ಚೆನ್ನಾಗಿಯೇ ನೋಡಿದಳು. ಮೂಗು ಸ್ವಲ್ಪ ಮುದುಡಿತು.

"ಆಂಟಿ, ಚಪ್ಪಲಿ ಹಾಕ್ಕೊಳ್ಳಿ," ಅಂದಳು. "ಈಗಷ್ಟೇ ನೆಲ ಒರೆಸಿದಾರೆ."