ಅಂಗೈಯ ಸಪ್ಪಳ

ನನ್ನನ್ನು ಬಲ್ಲವರು ಇದನ್ನು ಓದಿ ನಗಬಹುದು. ದೆವ್ವ, ಶಕುನ, ಮೈಮೇಲೆ ಬರುವುದು ಎಂಬ ಮಾತು ಎಲ್ಲಿ ಎದ್ದರೂ ಅಲ್ಲಿಗೆ ಹೋಗಿ ವಾದ ಹೂಡುವ ಮನುಷ್ಯನೆಂದೇ ಜೇವರ್ಗಿಯಲ್ಲಿ ನಾನು ಪರಿಚಿತ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಉಳಿದದ್ದನ್ನೆಲ್ಲ ರೇಡಿಯೊ ಮತ್ತು ಪಂಪ್‌ಸೆಟ್ ದುರಸ್ತಿಯ ನನ್ನ ಅಂಗಡಿಯಲ್ಲಿ ಕುಳಿತು, ಸಿಕ್ಕ ಪುಸ್ತಕ ಓದಿ, ಕೆಟ್ಟ ಯಂತ್ರ ಬಿಚ್ಚಿ ಕಲಿತೆ. ಅಂದೋಲಾದ ಒಂದು ಬಾವಿಯಿಂದ ಹೆಣ್ಣಿನ ಅಳು ಕೇಳಿಸುತ್ತದೆಂದು ಜನ ಆ ದಾರಿಯನ್ನೇ ಬಿಟ್ಟಿದ್ದಾಗ, ಅದು ಒಡೆದ ಪೈಪಿನೊಳಗೆ ಗಾಳಿ ಹೊಕ್ಕ ಸದ್ದೆಂದು ತೋರಿಸಿಕೊಟ್ಟವನು ನಾನೇ. ಸದ್ದು ಕೇಳಿಸಿತೆಂದ ಮೇಲೆ ಅದನ್ನು ಹೊರಡಿಸುವ ವಸ್ತು ಎಲ್ಲಿಯೋ ಇರಲೇಬೇಕು. ಆಗ ನಾನು ಹಾಗೆಂದು ನಂಬಿದ್ದೆ. ಈಗಲೂ ನಂಬುತ್ತೇನೆ, ಆದರೆ ಈಗ ಆ ನಂಬಿಕೆಯಿಂದ ನನಗೆ ಸಮಾಧಾನವಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಮಗನ ಮಗಳು ಸಹನಾ ಡಾಕ್ಟರಿಕೆ ಓದಲು ಕಿರ್ಗಿಸ್ತಾನಕ್ಕೆ ಹೋದಳು. ಅವಳೊಂದಿಗೆ ಒಂದೇ ಮನೆಯಲ್ಲಿದ್ದವಳು ಅಫಜಲಪುರ ತಾಲೂಕಿನ ಗೊಬ್ಬೂರಿನ ಭಾಗ್ಯಶ್ರೀ. ಇಬ್ಬರ ಪರಿಚಯವಾದದ್ದು ವಿಮಾನ ನಿಲ್ದಾಣದಲ್ಲಿ. ಸಾಲಿನಲ್ಲಿ ಹಿಂದೆ ನಿಂತವಳು ತನ್ನ ತಾಯಿಗೆ ಫೋನಿನಲ್ಲಿ ‘ಅಳಬ್ಯಾಡ ಬೇ’ ಎಂದದ್ದು ಕಿವಿಗೆ ಬಿದ್ದದ್ದೇ ತಡ, ಸಹನಾ ತಿರುಗಿ ನೋಡಿದಳಂತೆ. ಹಳೆಯ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ಗ್ಯಾಸ್ ಗೀಜರ್ ಇದ್ದ ಒಂದು ಬಚ್ಚಲು. ಅಷ್ಟೇ ಅವರ ಸಂಸಾರ.

ಅಲ್ಲಿಯ ದಿನಚರಿಯೆಲ್ಲ ನನಗೆ ಫೋನಿನಲ್ಲಿ ವರದಿಯಾಗುತ್ತಿತ್ತು. ಕತ್ತಲಿರುವಾಗಲೇ ಎದ್ದು, ಒಂದರ ಮೇಲೊಂದು ಸ್ವೆಟರ್ ತೊಟ್ಟು, ಜನ ತುಂಬಿದ ವ್ಯಾನಿನಲ್ಲಿ ನಿಂತು ಕಾಲೇಜಿಗೆ ಹೋಗುವುದು. ಎಲುಬುಗಳ ಹೆಸರುಗಳನ್ನು ಬಾಯಿಪಾಠ ಮಾಡುವುದು. ಸಂಜೆ ರಷ್ಯನ್ ಭಾಷೆಯ ಪಾಠ. ಒಂದು ದಿನ ಇವಳು, ಒಂದು ದಿನ ಅವಳು ಅನ್ನ-ಬೇಳೆ ಬೇಯಿಸುವುದು. ಚಳಿಗಾಲದಲ್ಲಿ ಆ ನಗರದ ಮೇಲೆ ಕಲ್ಲಿದ್ದಲ ಹೊಗೆ ಕವಿಯುತ್ತದೆ. ಹೊಗೆಯೂ ಥಂಡಿಯೂ ಒಳಗೆ ಬಾರದಂತೆ ಕಿಟಕಿಗಳ ಸಂದಿಗೆಲ್ಲ ಟೇಪು ಅಂಟಿಸಿದ್ದರು. ಮನೆಯಿಂದ ಒಯ್ದ ಜೋಳದ ಹಿಟ್ಟು ದೀಪಾವಳಿಗೂ ಮುಂಚೆಯೇ ತೀರಿಹೋಗಿತ್ತು.

‘ಮುತ್ಯಾ, ನಿಮ್ಮ ಮೊಮ್ಮಗಳು ಮೊದಲ್ನೇ ದಿನ ರೊಟ್ಟಿ ಬಡಿದಿದ್ಳ್ರಿ,’ ಎಂದು ಭಾಗ್ಯಶ್ರೀ ಒಮ್ಮೆ ಫೋನು ಕಸಿದುಕೊಂಡು ಹೇಳಿದ್ದಳು. ‘ಅದು ರೊಟ್ಟಿ ಇರ್ಲಿಲ್ರಿ, ಆಳಂದ ತಾಲೂಕಿನ ನಕಾಶಿ ಇತ್ತು.’

‘ನೀ ಸುಮ್ಕಿರು ಬೇ,’ ಎಂದು ಹಿಂದಿನಿಂದ ಸಹನಾಳ ದನಿ ಬಂತು. ‘ನಿಂದು ಹಂಚಿಗಿ ಹಾಕೂದ್ರಾಗ ಹರಿದು ಖಜೂರಿ ಗಡಿ ದಾಟಿ ಬ್ಯಾರೆ ರಾಜ್ಯಕ್ಕ ಹೋಗಿತ್ತು.’

ಅದು ಒಂದು ರವಿವಾರದ ಬೆಳಗಿನ ಹೊತ್ತು. ಮಗ, ಸೊಸೆ ಇಬ್ಬರೂ ಮದುವೆಗೆಂದು ಆಳಂದಕ್ಕೆ ಹೋಗಿದ್ದರು, ಮನೆಯಲ್ಲಿ ನಾನೊಬ್ಬನೇ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆಯಷ್ಟೇ ಮುಂದೆ. ಸಹನಾ ಫೋನು ಮಾಡಿ, ಭಾಗ್ಯಾ ಜಳಕಕ್ಕೆ ಹೋಗಿದ್ದಾಳೆ, ಅವಳದಾದ ಮೇಲೆ ತನ್ನದು ಎಂದಳು. ಮಾತು ಎಂದಿನಂತಿರಲಿಲ್ಲ, ನಿಧಾನವಾಗಿತ್ತು. ಕೇಳಿದಾಗ, ‘ತಲಿ ಭಾರ ಆಗೇದ ಮುತ್ಯಾ, ನಿದ್ದಿ ಬರ್ಲಾಕತ್ತದ. ಪರೀಕ್ಷಿ ಅದಲ್ಲ, ಓದಿದ್ದು ಹೆಚ್ಚಾಗ್ಯದ,’ ಎಂದಳು.

ಆಗ ಫೋನಿನೊಳಗೆ ಆ ಸದ್ದು ಕೇಳಿಸಿತು. ನಮ್ಮ ಕಡೆಯ ಯಾವ ಮನುಷ್ಯನೂ ಅದನ್ನು ಬೇರೊಂದೆಂದು ತಿಳಿಯಲಾರ. ಹಿಟ್ಟಿನ ಮುದ್ದೆಯನ್ನು ಅಂಗೈಯಿಂದ ತಟ್ಟಿ ತಟ್ಟಿ ಅಗಲಿಸುವ, ತಿರುಗಿಸಲೆಂದು ಒಂದು ಗಳಿಗೆ ನಿಂತು ಮತ್ತೆ ಶುರುವಾಗುವ ಸದ್ದು.

‘ಅಲ್ಲಿ ಯಾರ್ ರೊಟ್ಟಿ ಬಡ್ಯಾಕತ್ತಾರವ್ವಾ?’ ಎಂದು ಕೇಳಿದೆ.

‘ನಾನೇ ಕೇಳ್ಬೇಕಂತಿದ್ನಿ. ನಿನ್ನ ಕಡೆನೇ ಬಡ್ಯಾಕತ್ತಾರಲ್ಲ. ಅವ್ವ ಮದುವಿಗಿ ಹೋಗಿಲ್ಲೇನು?’

ನನ್ನ ಹೆಂಡತಿ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ರೊಟ್ಟಿ ಬಡಿದದ್ದೇ ಇಲ್ಲ. ಎಲ್ಲವೂ ಓಣಿಯ ರೊಟ್ಟಿ ಕೇಂದ್ರದಿಂದ ಬರುತ್ತದೆ. ಫೋನನ್ನು ಕಿವಿಯಿಂದ ತೆಗೆದೆ: ಮನೆ ನಿಶ್ಶಬ್ದ. ಮತ್ತೆ ಹಚ್ಚಿದೆ: ಸದ್ದು ಅಲ್ಲೇ ಇತ್ತು. ಅಲ್ಲಿಯ ಜನ ಹಿಮದ ಮೇಲೆ ಜಮಖಾನೆಗಳನ್ನು ಹಾಸಿ ಬಡಿಯುತ್ತಾರೆಂದು ಅವಳೇ ಒಮ್ಮೆ ಹೇಳಿದ್ದು ನೆನಪಾಯಿತು.

‘ಕೆಳಗ ಯಾರರೆ ಜಮಖಾನಿ ಝಾಡಸಾಕತ್ತಿರ್ಬೇಕು. ಹೋಗಿ ನೋಡಿ ಹೇಳು.’

‘ಹೊರಗ ಥಂಡಿ ಅದ ಮುತ್ಯಾ. ನಂಗ ಏಳಾಕ ಆಗವಲ್ದು.’

‘ಕೋಟ್ ಹಾಕ್ಕೊಂಡು ಹೋಗು.’

‘ನೀ ಬಿಡಂಗಿಲ್ಲ.’

‘ಬಿಡಂಗಿಲ್ಲ,’ ಎಂದೆ.

ಅವಳು ಎದ್ದಳು. ಬಾಗಿಲು ತೆರೆದದ್ದು, ಅದು ಹಿಂದೆ ತಾನಾಗಿಯೇ ಮುಚ್ಚಿಕೊಂಡದ್ದು, ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು, ಎಲ್ಲವೂ ಕೇಳಿಸಿತು. ಅವಳು ಇಳಿದಂತೆ ಆ ತಟ್ಟುವ ಸಪ್ಪಳ ಹೆಚ್ಚಲೂ ಇಲ್ಲ, ಕಡಿಮೆಯಾಗಲೂ ಇಲ್ಲ. ‘ಮುತ್ಯಾ, ಕಾಲು...’ ಎಂದಳು. ಫೋನು ಬಿತ್ತು. ಬಿದ್ದ ಮೇಲೂ ಕೆಲವು ಕ್ಷಣ ಆ ಸಪ್ಪಳ ಹಾಗೆಯೇ ನಡೆದಿತ್ತು. ಆಮೇಲೆ ಹೆಂಗಸೊಬ್ಬಳು ತಿಳಿಯದ ಭಾಷೆಯಲ್ಲಿ ಕೂಗಿಕೊಂಡಳು, ಕರೆ ಕಡಿದುಹೋಯಿತು.

ಮುಂದಿನದು ನಮಗೆ ಸಂಜೆಯ ಹೊತ್ತಿಗೆ ತಿಳಿಯಿತು. ಗೀಜರಿನ ಹೊಗೆ ಹೋಗುವ ಕೊಳವೆ ಕಟ್ಟಿಕೊಂಡಿತ್ತು. ವಾಸನೆಯೂ ಬಣ್ಣವೂ ಇಲ್ಲದ ವಿಷಗಾಳಿ ಮನೆಯ ತುಂಬ ಹರಡಿತ್ತು. ಸಹನಾಳನ್ನು ನೆರೆಯವರು ಮೆಟ್ಟಿಲಿಂದ ಎತ್ತಿ ಬಯಲಿಗೆ ಒಯ್ದು ಕೈಕಾಲು ತಿಕ್ಕಿದರು. ಮೇಲೆ ಇನ್ನೊಬ್ಬಳಿದ್ದಾಳೆಂದು ಅವರಿಗೆ ಗೊತ್ತಿರಲಿಲ್ಲ. ಇವಳಿಗೆ ಎಚ್ಚರವಾಗಿ, ಬಾಯಿಗೆ ಮಾತು ಬಂದು, ಕಲಿತಷ್ಟು ರಷ್ಯನ್ನಿನಲ್ಲಿ ಹೇಳಿದ ಮೇಲೆ ಅವರು ಬಾಗಿಲು ಒಡೆದರು. ಭಾಗ್ಯಶ್ರೀ ಬಚ್ಚಲಿನೊಳಗೆ, ಚಿಲಕ ಹಾಕಿದ ಬಾಗಿಲಿಗೆ ಹತ್ತಿಕೊಂಡು ಬಿದ್ದಿದ್ದಳು. ಜೀವ ಹೋಗಿತ್ತು.

ದೇಹ ಪೆಟ್ಟಿಗೆಯಲ್ಲಿ ಬಂದು ಮುಟ್ಟಲು ಬಹಳ ದಿನ ಹಿಡಿಯಿತು. ನಮ್ಮಲ್ಲಿ ಲಿಂಗೈಕ್ಯರಾದವರನ್ನು ಕೂಡಿಸಿ ಮಣ್ಣು ಮಾಡುವುದು ರೂಢಿ. ಔಷಧ ತುಂಬಿ ಸೆಡೆತುಹೋಗಿದ್ದ ಆ ಮೈಯನ್ನು ಕೂಡಿಸುವುದಾಗಲಿಲ್ಲ. ಕುಣಿಯ ಬಳಿ ನಿಂತಿದ್ದ ಅಯ್ಯನವರು ಕಡೆಗೆ ‘ಮಲಗಿಸ್ರಿ’ ಎಂದಾಗ ಅವಳ ತಂದೆ ಗುರುಲಿಂಗಪ್ಪ, ‘ಅಕಿಗಿ ಮಲಗೂದು ಸೇರ್ತಿದ್ದಿಲ್ರಿ, ಯಾವಾಗ್ಲೂ ಕುಂತೇ ಓದ್ತಿದ್ಳು,’ ಎಂದರು.

ಅಷ್ಟರಲ್ಲಿ ನಮ್ಮ ಬೀಗರೊಳಗೆ ಒಂದು ಕಥೆ ಹುಟ್ಟಿತ್ತು: ಸತ್ತ ಆಯಿ ಬಂದು ರೊಟ್ಟಿ ಬಡಿದು ಮೊಮ್ಮಗಳನ್ನು ಹೊರಗೆ ಕರೆದಳು. ನಾನು ಒಪ್ಪಲಿಲ್ಲ. ನನ್ನ ಹೆಂಡತಿ ಬಡಿದ ರೊಟ್ಟಿಯನ್ನು ಸಂಸಾರದುದ್ದಕ್ಕೂ ಉಂಡವನಾದರೂ, ಆ ಸದ್ದು ಅವಳ ಕೈಯದೇ ಎಂದು ಪ್ರಮಾಣ ಮಾಡಿ ಹೇಳಲಾರೆ. ಆದರೆ ಕಥೆಗೆ ಕಾಲು ಬಂದಿತ್ತು. ಮಣ್ಣಾದ ದಿನವೇ ಯಾರೋ ಅದನ್ನು ಭಾಗ್ಯಶ್ರೀಯ ತಾಯಿಯ ಮುಂದೆ ಆಡಿದರು. ಆ ತಾಯಿ ನನ್ನ ಸೊಸೆಯನ್ನು ಕೇಳಿದರು: ‘ನಿಮ್ಮ ಅತ್ತಿ ಅಷ್ಟು ದೂರ ಹೋಗಿದ್ಳಂತ. ಮನ್ಯಾಗ ಇಬ್ಬರು ಹುಡುಗ್ಯಾರಿದ್ರು. ಒಬ್ಬಾಕಿನ್ನಷ್ಟೇ ಯಾಕ ಕರೆದ್ಳು?’

ಆ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಕಥೆಯನ್ನೇ ಸುಳ್ಳೆಂದು ತೋರಿಸಬೇಕು ಎಂದುಕೊಂಡೆ. ಆ ವಿಷಗಾಳಿ ಹೊಕ್ಕವರಿಗೆ ಇಲ್ಲದ್ದು ಕೇಳಿಸಬಹುದೆಂದು ಕಲಬುರ್ಗಿಯ ವೈದ್ಯರು ಹೇಳಿದರು. ಸಹನಾಳ ಮಟ್ಟಿಗೆ ಅದು ಸರಿ. ನಾನು ಜೇವರ್ಗಿಯ ಗಾಳಿಯನ್ನು ಉಸಿರಾಡುತ್ತಿದ್ದೆ. ಆ ಕಟ್ಟಡದಲ್ಲಿ ಅಂದು ಯಾರೂ ಜಮಖಾನೆ ಬಡಿದಿರಲಿಲ್ಲವೆಂದು ಅವಳ ಸಹಪಾಠಿಗಳು ವಿಚಾರಿಸಿ ತಿಳಿಸಿದರು. ರೊಟ್ಟಿ ಕೇಂದ್ರದ ಮಹಾದೇವಿಯ ಪಕ್ಕದಲ್ಲಿ ಫೋನು ಹಿಡಿದು ಕುಳಿತೆ. ‘ಮುತ್ಯಾ, ನಿಮಗ ರೊಟ್ಟಿ ತಿನ್ನಾಕ ಬೇಕೋ, ಕೇಳಾಕ ಬೇಕೋ?’ ಎಂದು ಅವಳು ನಕ್ಕಳು. ಆಚೆ ಕಡೆ ಕಿವಿಗೊಟ್ಟಿದ್ದ ಮಗನಿಗೆ ನನ್ನ ಮಾತು ಸ್ಪಷ್ಟವಾಗಿ ಕೇಳಿಸಿತು, ರೊಟ್ಟಿಯ ಸದ್ದು ಮಾತ್ರ ಕೇಳಿಸಲಿಲ್ಲ. ಈಗಿನ ಫೋನುಗಳು ಮಾತನ್ನು ಬಿಟ್ಟು ಉಳಿದ ಸದ್ದನ್ನು ಸೋಸಿಬಿಡುತ್ತವೆ. ಎಷ್ಟು ಸಲ ಮಾಡಿದರೂ ಅದೇ ಆಯಿತು.

ಗುರುಲಿಂಗಪ್ಪನವರು ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದರು. ನೀರು ಕುಡಿದು, ಬಹಳ ಹೊತ್ತು ತೊಗರಿಯ ಮಾತಾಡಿದರು. ಸಹನಾ ಒಳಗಿದ್ದಾಳೆಯೇ ಎಂದು ಕೇಳಿದರು. ಕಲಬುರ್ಗಿಗೆ ಹೋಗಿದ್ದಾಳೆ ಎಂದೆ.

‘ಸಾವ್ಕಾರ್ರ, ನೀವು ಶಕುನ ಪಕುನ ನಂಬೂ ಮಂದಿ ಅಲ್ಲಂತ ಕೇಳೇನಿ. ಅದಕ್ಕ ನಿಮ್ಮಲ್ಲೇ ಬಂದೇನಿ. ಅದು ರೊಟ್ಟಿ ಬಡಿಯೂ ಸಪ್ಪಳ ಹೌದೇನ್ರಿ?’

‘ನನಗ ಹಂಗ ಕೇಳಿಸ್ತು.’

‘ಅಂದ್ರ ಅಂಗೈ ಸಪ್ಪಳ.’

‘ಹೌದ್ರಿ. ಅಂಗೈದು.’

ಅವರು ತಮ್ಮ ಬಲಗೈಯನ್ನು ಮೇಲೆತ್ತಿ, ನಾವು ಕುಳಿತಿದ್ದ ಪಡಸಾಲೆಯ ಬಾಗಿಲಿನ ಮೇಲೆ ಮೆಲ್ಲಗೆ ತಟ್ಟಿದರು. ಕೆಲವು ಸಲ ತಟ್ಟಿ, ಶಕ್ತಿ ಸಾಲದವರಂತೆ ಒಂದು ಗಳಿಗೆ ನಿಂತು, ಮತ್ತೆ ತಟ್ಟಿದರು. ಆಮೇಲೆ ನನ್ನ ಮುಖ ನೋಡಿದರು.

ನಾನು ನನ್ನ ಪರೀಕ್ಷೆಗಳನ್ನೆಲ್ಲ ಅವರ ಮುಂದಿಟ್ಟೆ: ಫೋನು ಅಂಥ ಸದ್ದನ್ನು ದಾಟಿಸುವುದಿಲ್ಲ, ಸಹನಾ ಮನೆಯ ಬಾಗಿಲು ಮುಚ್ಚಿ ಮೆಟ್ಟಿಲಿಳಿದ ಮೇಲೂ ಅದು ಅಷ್ಟೇ ಜೋರಾಗಿತ್ತು, ಆದ್ದರಿಂದ ಅದು ಬಚ್ಚಲಿನದಾಗಿರಲು ಸಾಧ್ಯವಿಲ್ಲ. ಅವರು ಎಲ್ಲವನ್ನೂ ಕೇಳಿಸಿಕೊಂಡರು. ‘ಹಂಗಾದ್ರ ಯಾರ್ದ್ರಿ?’ ಎಂದಷ್ಟೇ ಕೇಳಿ, ಉತ್ತರಕ್ಕೆ ಕಾಯದೆ ಗೊಬ್ಬೂರಿನ ಬಸ್ಸಿನ ಹೊತ್ತಾಯಿತೆಂದು ಎದ್ದರು.

ಅಂದಿನಿಂದ ನನಗೆ ಎರಡು ವಿವರಣೆಗಳಿವೆ. ಒಂದನ್ನು ನನ್ನ ಬುದ್ಧಿ ಒಪ್ಪುವುದಿಲ್ಲ. ಇನ್ನೊಂದನ್ನು, ಗುರುಲಿಂಗಪ್ಪನವರು ಬಾಗಿಲ ಮೇಲೆ ತಟ್ಟಿ ತೋರಿಸಿದ್ದನ್ನು, ನನ್ನ ಪರೀಕ್ಷೆಗಳು ಒಪ್ಪುವುದಿಲ್ಲ, ಮತ್ತು ಅವು ಒಪ್ಪದಿರುವುದಕ್ಕೆ ನಾನು ಒಳಗೊಳಗೆ ಋಣಿಯಾಗಿದ್ದೇನೆ. ಮೂರನೆಯದೊಂದನ್ನು ಹುಡುಕುತ್ತಲೇ ಇದ್ದೇನೆ, ಸಿಕ್ಕಿಲ್ಲ.

ಸಹನಾ ಓದು ಬಿಟ್ಟಳು. ವರ್ಷವೊಂದು ಮನೆಯಲ್ಲಿದ್ದು, ಈಗ ಕಲಬುರ್ಗಿಯಲ್ಲಿ ಬೇರೆ ಕೋರ್ಸಿಗೆ ಸೇರಿದ್ದಾಳೆ. ಬಚ್ಚಲಿನ ಬಾಗಿಲಿಗೆ ಚಿಲಕ ಹಾಕುವುದಿಲ್ಲ. ಬಂಧುಗಳು ಕಟ್ಟಿದ ಕಥೆಯನ್ನು ಅವಳು ನಂಬಿದ್ದಾಳೆ, ಅದರ ಮೇಲೆಯೇ ನಿಂತಿದ್ದಾಳೆ. ಹೋದ ತಿಂಗಳು ಊಟಕ್ಕೆ ಕುಳಿತಾಗ ತಲೆಯೆತ್ತದೆ, ‘ಅದು ಆಯಿನೇ ಹೌದಲ್ಲ ಮುತ್ಯಾ?’ ಎಂದು ಕೇಳಿದಳು. ಇಡೀ ಆಯುಷ್ಯ ಇಂಥ ಮಾತಿಗೆ ಎದುರು ವಾದಿಸಿದವನು ನಾನು.

‘ಹೌದವ್ವಾ,’ ಎಂದೆ.